ಸರಿ-ತಪ್ಪು ಹೇಳದ ಮುಖ

ಪರೀಕ್ಷಕಿ ಸ್ಟಾಪ್‌ವಾಚಿನ ಗುಂಡಿ ಒತ್ತಿ ಕಣ್ಣೆತ್ತುವಷ್ಟರಲ್ಲಿ ಹುಡುಗಿ ಕೈ ಕಟ್ಟಿ ಕೂತಾಗಿತ್ತು. ಮೇಜಿನ ಮೇಲೆ ಕೆಂಪು-ಬಿಳಿ ಮರದ ಬ್ಲಾಕುಗಳು ಪುಸ್ತಕದ ಚಿತ್ರದಲ್ಲಿದ್ದ ಹಾಗೇ ಒಂದಕ್ಕೊಂದು ಆತು ನಿಂತಿದ್ದವು. ದೊಡ್ಡವರೂ ತಲೆ ಕೆರೆದುಕೊಳ್ಳುವ ವಿನ್ಯಾಸ ಅದು.

"ಮುಂದಿನದು ಕೊಡಿ ಆಂಟಿ."

ಪರೀಕ್ಷಕಿಯ ಎದೆ ಡವಡವ ಹೊಡೆದುಕೊಂಡಿತು. ಮುಖ ಮಾತ್ರ ಅಲುಗಲಿಲ್ಲ.

ಆಸ್ಪತ್ರೆಯ ಎರಡನೇ ಮಹಡಿಯ ಈ ಕೋಣೆಯಲ್ಲಿ ಅವರಿಗೆ ಸಂಬಳ ಬರುವುದೇ ಮುಖ ಅಲುಗಿಸದೆ ಇರುವುದಕ್ಕೆ ಎಂದು ಸಹೋದ್ಯೋಗಿಗಳು ಆಡಿಕೊಳ್ಳುತ್ತಾರೆ. ಒಂದು ಮೇಜು, ಎರಡು ಕುರ್ಚಿ, ಪರದೆ ಎಳೆದ ಕಿಟಕಿ. ಗೋಡೆಗೆ ಒಂದು ಚಿತ್ರವೂ ಇಲ್ಲ. ಇದ್ದರೆ ಮಕ್ಕಳ ಕಣ್ಣು ಅಲ್ಲಿಗೇ ಓಡುತ್ತದೆ. ಓದು, ಬರಹ, ಲೆಕ್ಕ ಯಾಕೋ ಹತ್ತುತ್ತಿಲ್ಲ ಎನ್ನುವ ಮಕ್ಕಳು ಇಲ್ಲಿಗೆ ಬರುತ್ತಾರೆ. ನೆನಪು, ಗಮನ, ಯೋಚನೆ, ಸದ್ದು ಹಿಡಿಯುವ ಕಿವಿ, ಓದುವ ವೇಗ ಎಲ್ಲವನ್ನೂ ಬೇರೆಬೇರೆಯಾಗಿ ಪರೀಕ್ಷಿಸಿ, ಗಂಟು ಬಿದ್ದಿರುವುದು ಎಲ್ಲಿ ಎಂದು ಹುಡುಕಬೇಕು. ಫಲಿತಾಂಶವನ್ನು ಜೋಡಿಸಿ ಅರ್ಥ ಹೇಳುವುದು ಪಕ್ಕದ ಕೋಣೆಯ ಮನಶ್ಶಾಸ್ತ್ರಜ್ಞೆ. ಎಲ್ಲರ ಬಾಯಲ್ಲೂ ಅವರು ಡಾಕ್ಟರಮ್ಮ. ಮಗುವಿನ ಎದುರು ಕೂತು ಪರೀಕ್ಷೆ ನಡೆಸುವುದು ಪರೀಕ್ಷಕಿಯ ಕೆಲಸ. ಮಗುವಿನ ಉತ್ತರ ಸರಿಯೋ ತಪ್ಪೋ ಎಂದು ಬಾಯಿ ಬಿಡುವಂತಿಲ್ಲ, ಹುಬ್ಬು ಕೂಡ ಏರಿಸುವಂತಿಲ್ಲ. "ಗಮನ ಕೊಟ್ಟು ಮಾಡ್ತಿದ್ದೀಯ" ಎನ್ನಬಹುದು, ಅಷ್ಟೆ.

ಕಾಲೇಜಿನ ದಿನಗಳಲ್ಲಿ ಈಜುಕೊಳದ ಸ್ಪರ್ಧೆಗಳಿಗೆ ಸಮಯ ಅಳೆಯುತ್ತಿದ್ದಾಗಲೇ ಅವರಿಗೆ ಈ ವಿದ್ಯೆ ಅರ್ಧ ಬಂದಿತ್ತು. ಜೀವದ ಗೆಳತಿ ಗೆಲ್ಲುತ್ತಿದ್ದರೂ ವಾಚು ಹಿಡಿದವರು ಕುಣಿಯುವಂತಿಲ್ಲ. ಹದಿನಾಲ್ಕು ವರ್ಷದ ಕೆಲಸದಲ್ಲಿ ಉಳಿದರ್ಧವೂ ಬಂತು. ಈಗ ಮನೆಯಲ್ಲಿ ಗಂಡನದೇ ದೂರು: "ಅಡುಗೆ ಮಾಡಿ ಬಡಿಸಿದ್ರೆ ಸುಮ್ನೆ ತಿಂತೀಯ. ಉಪ್ಪು ಜಾಸ್ತಿಯಾಯ್ತಾ, ಕಮ್ಮಿಯಾಯ್ತಾ, ಏನಾದ್ರೂ ಹೇಳೇ ಮಾರಾಯ್ತಿ!"

ಇವತ್ತಿನ ಹುಡುಗಿಗೆ ಒಂಬತ್ತು ವರ್ಷ. ಮನೆಯಲ್ಲಿ ಚೂಟಿ, ತರಗತಿಯಲ್ಲಿ ದಡ್ಡಿ. ಮೂರನೇ ತರಗತಿಯನ್ನು ಎರಡನೇ ಸಲ ಓದುತ್ತಿದ್ದಾಳೆ. ಸೋಮವಾರದೊಳಗೆ ವರದಿ ತರದಿದ್ದರೆ ಅವಳನ್ನು ಊರಾಚೆಯ ವಿಶೇಷ ಮಕ್ಕಳ ಶಾಲೆಗೆ ಕಳಿಸುತ್ತೇವೆ ಎಂದು ಶಾಲೆಯವರು ಕಡ್ಡಿ ಮುರಿದ ಹಾಗೆ ಹೇಳಿದ್ದರು. ಬುದ್ಧಿಗೆ ಏನೂ ಆಗಿಲ್ಲ, ಓದಿಗೆ ಮಾತ್ರ ತೊಡಕು ಎಂದು ತಿಳಿದರೆ ಇಲ್ಲೇ ಉಳಿಸಿಕೊಳ್ಳುವ ದಾರಿ ಇತ್ತು.

ಬೆಳಗ್ಗೆಯಿಂದ ಪರೀಕ್ಷಕಿಗೆ ಆ ದಾರಿ ಮಸುಕಾಗಿ ಕಾಣತೊಡಗಿತ್ತು. ಹೇಳಿದ ಕಥೆಯನ್ನು ಹುಡುಗಿ ಒಂದೆಳೆ ಬಿಡದೆ ತಿರುಗಿ ಹೇಳಿದಳು. ಓದುವ ಹಾಳೆ ಇಟ್ಟ ಕೂಡಲೇ ಹೊಟ್ಟೆನೋವು ಎಂದಳು. ಅರ್ಥವಿಲ್ಲದ ಪದಗಳನ್ನು ಕೇಳಿ ಹಾಗೆಯೇ ಹೇಳುವಾಗ ಸದ್ದುಗಳೆಲ್ಲ ಕಲಸುಮೇಲೋಗರ. ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಹಳ್ಳ. ಈಗ ಬ್ಲಾಕುಗಳಲ್ಲಿ ಇಂಥ ವೇಗ!

ಆದರೆ ಮುಂದಿನ ಪುಟ ತಿರುವುವ ಮೊದಲೇ ಹುಡುಗಿಯ ಕೈ ಬ್ಲಾಕುಗಳನ್ನು ಜೋಡಿಸತೊಡಗಿತು. ಪರೀಕ್ಷಕಿ ಪುಟ ತಿರುವಿದರು. ಅದೇ ವಿನ್ಯಾಸ.

"ಇದನ್ನ ಮುಂಚೆ ಎಲ್ಲಾದ್ರೂ ಮಾಡಿದ್ದೀಯಾ ಪುಟ್ಟಿ?"

"ಹೂಂ, ದಿನಾ. ಅಜ್ಜಿ ಜೊತೆ."

ಹೊರಗಿನ ಬೆಂಚಿನಲ್ಲಿ ತಾಯಿ ಮತ್ತು ಅಜ್ಜಿ ಕೂತಿದ್ದರು. ಪರೀಕ್ಷಕಿ ಹೋಗಿ ಕೇಳಿದ್ದೇ ತಡ, ಅಜ್ಜಿಯ ಮುಖ ಅರಳಿತು. "ನಾನೇ ಕಲಿಸಿದ್ದು! ಮೇಲಿನ ಮನೆ ಮಗೂನ ಹೋದ ವರ್ಷ ಇಲ್ಲಿಗೇ ಕರ್ಕೊಂಡು ಬಂದಿದ್ರಲ್ಲ, ಅವಳು ಒಂದೊಂದಾಗಿ ತೋರಿಸಿದ್ಲು. ಮರದ ತುಂಡು ತರಿಸಿ ನಾನೇ ಬಣ್ಣ ಬಳಿದೆ. ಹೆಂಗೆ ಮಾಡಿದ್ಲು?"

"ಅತ್ತೇ! ನಂಗೊಂದು ಮಾತು ಹೇಳಬಾರದಿತ್ತಾ?" ತಾಯಿ ಹಣೆ ಚಚ್ಚಿಕೊಂಡರು.

"ಹೇಳಿದ್ರೆ ನೀನು ಬೇಡ ಅಂತಿದ್ದೆ. ಪರೀಕ್ಷೆ ಅಂದ್ಮೇಲೆ ತಯಾರಿ ಬೇಡ್ವಾ?"

"ಅಜ್ಜಿ, ಕಲಿತಿದ್ದನ್ನ ಒಪ್ಪಿಸೋ ಪರೀಕ್ಷೆ ಅಲ್ಲ ಇದು," ಎಂದರು ಪರೀಕ್ಷಕಿ. "ಹೊಸದೇನಾದ್ರೂ ಎದುರಿಗೆ ಬಂದ್ರೆ ತಲೆ ಹೇಗೆ ಓಡುತ್ತೆ ಅಂತ ನೋಡ್ತೀವಿ. ನೀವು ಮಾಡಿದ್ದು ಜ್ವರ ನೋಡೋಕೆ ಮುಂಚೆ ಥರ್ಮಾಮೀಟರನ್ನ ತಣ್ಣೀರಲ್ಲಿ ಅದ್ದಿದ ಹಾಗಾಯ್ತು."

ಅಜ್ಜಿ ಬೆಂಚಿನಿಂದ ಎದ್ದರು. "ಹಂಗಾದ್ರೆ... ನನ್ನಿಂದ ಮಗೂಗೆ ಕೆಟ್ಟದ್ದಾಯ್ತಾ?"

ಬ್ಲಾಕು ಬಿಟ್ಟು ಬೇರೇನೂ ಕಲಿಸಿಲ್ಲ ಎಂದು ಅಜ್ಜಿಯಿಂದ ಖಚಿತಪಡಿಸಿಕೊಂಡು ಪರೀಕ್ಷಕಿ ಡಾಕ್ಟರಮ್ಮನ ಕೋಣೆಗೆ ನುಗ್ಗಿದರು. ಪರೀಕ್ಷೆ ಮುಂದಕ್ಕೆ ಹಾಕೋಣ ಎಂದರು ಡಾಕ್ಟರಮ್ಮ. ಮುಂದಕ್ಕೆ ಅಂದರೆ ಮತ್ತೆ ಸರದಿ ಬರಲು ನಾಲ್ಕು ತಿಂಗಳು. ಅಷ್ಟರಲ್ಲಿ ಹುಡುಗಿ ಊರಾಚೆ ಇರುತ್ತಾಳೆ.

"ಒಂದು ಭಾಗ ಕೆಟ್ಟರೆ ಅದರ ಬದಲಿಗೆ ಇನ್ನೊಂದು ತಗೋಬಹುದು ಅಂತ ನಿಯಮಾನೇ ಇದೆಯಲ್ಲ," ಎಂದರು ಪರೀಕ್ಷಕಿ. "ಚಿತ್ರದ ತುಂಡುಗಳದ್ದು ಮಾಡಿಸ್ತೀನಿ. ಬಾಯಿಪಾಠದ ಬುದ್ಧಿ ಆಗಿದ್ರೆ ಅದ್ರಲ್ಲಿ ಗೊತ್ತಾಗೇ ಆಗುತ್ತೆ."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ಸರಿ. ಆದ್ರೆ ನಡೆದದ್ದೆಲ್ಲ ವರದಿಯಲ್ಲಿ ಬರೀತೀನಿ, ಮುಚ್ಚಿಡಲ್ಲ. ಮಗು ಊಟ ಮಾಡಿ ಬರಲಿ."

ಮಧ್ಯಾಹ್ನ ಮೇಜಿನ ಮೇಲೆ ಬೇರೆ ಪುಸ್ತಕ. ಮೇಲೊಂದು ಇಡೀ ಚಿತ್ರ, ಕೆಳಗೆ ಆರು ತುಂಡು. ಯಾವ ಮೂರು ತುಂಡು ಸೇರಿದರೆ ಆ ಚಿತ್ರವಾಗುತ್ತದೆ? ಕೈಯಾಡಿಸುವಂತಿಲ್ಲ, ಮನಸ್ಸಿನಲ್ಲೇ ಜೋಡಿಸಬೇಕು.

"ಇದನ್ನ ಅಜ್ಜಿ ಹೇಳ್ಕೊಟ್ಟಿಲ್ಲ," ಎಂದಳು ಹುಡುಗಿ.

"ಗೊತ್ತು. ನೀನೇ ನೋಡಿ ಹೇಳು."

ಮೊದಲಿನವು ನಿಧಾನಕ್ಕೆ ದಾಟಿದವು. ಆಮೇಲೆ ಒಂದು ತಪ್ಪಿತು. ಮುಂದಿನದೂ ತಪ್ಪಿತು. ಸತತ ಮೂರು ತಪ್ಪಿದರೆ ಪುಸ್ತಕ ಮುಚ್ಚಬೇಕು. ಪರೀಕ್ಷಕಿ ಎಂದಿನ ಮುಖದಲ್ಲೇ ಪುಟ ತಿರುವಿದರು. ಅಂಗೈಯಲ್ಲಿ ವಾಚು ಬೆವರಿಗೆ ಜಾರುತ್ತಿತ್ತು.

ಹುಡುಗಿ ಕತ್ತು ವಾಲಿಸಿದಳು. "ತುಂಡನ್ನ ತಿರುಗಿಸಿ ಯೋಚ್ನೆ ಮಾಡಬಹುದಾ?"

"ನಿನಗೆ ಹೇಗೆ ಅನ್ಸುತ್ತೋ ಹಾಗೆ."

"ಹಾಗಾದ್ರೆ ಒಂದು, ನಾಲ್ಕು, ಆರು."

ಸರಿ! ಅಲ್ಲಿಂದ ಅವಳನ್ನು ಹಿಡಿಯುವವರೇ ಇರಲಿಲ್ಲ. ತುಂಡುಗಳನ್ನು ಗಾಳಿಯಲ್ಲೇ ತಿರುಗಿಸುವ ಹಾಗೆ ಅವಳ ಗಲ್ಲ ಅತ್ತಿತ್ತ ಓಲಾಡುತ್ತಿತ್ತು. ಪುಟ, ಉತ್ತರ, ಪುಟ, ಉತ್ತರ. ಹೆಚ್ಚಿನ ಮಕ್ಕಳು ಮುಟ್ಟದ ಪುಟಗಳು ಬಂದವು. ಅವುಗಳ ಅಂಚು ಇನ್ನೂ ಗರಿಗರಿಯಾಗಿತ್ತು. ಮೇಜಿನ ಕೆಳಗೆ ಪರೀಕ್ಷಕಿಯ ಕಾಲು ತಾನಾಗಿಯೇ ತಾಳ ಹಾಕುತ್ತಿತ್ತು.

"ಗಮನ ಕೊಟ್ಟು ಮಾಡಿದೆ," ಎಂದರು ಕೊನೆಗೆ.

ಹುಡುಗಿಯನ್ನು ತಾಯಿಯ ಬಳಿ ಬಿಟ್ಟು, ಡಾಕ್ಟರಮ್ಮನ ಕೋಣೆಯ ಬಾಗಿಲು ಹಾಕಿಕೊಂಡು, ಬಾಯ್ತುಂಬ ನಗುತ್ತಾ ಎರಡು ಕೈಯನ್ನೂ ಮೇಲೆತ್ತಿದರು. "ಕೊನೆ ಪುಟದ ಹತ್ತಿರ ಹೋದ್ಲು! ಯಾರೂ ಹೇಳಿಕೊಡದೇನೆ!"

"ಅಬ್ಬಾ, ನಿಮಗೆ ಹಲ್ಲಿದೆ ಅಂತ ಇವತ್ತೇ ಗೊತ್ತಾಗಿದ್ದು," ಎಂದು ಡಾಕ್ಟರಮ್ಮ ನಕ್ಕು ಅಂಕಗಳ ಕಡೆ ಬಗ್ಗಿದರು. ಎರಡು ಸಲ ಕೂಡಿ ನೋಡಿದರು. ಆಮೇಲೆ ಅವರೇ ಎದ್ದು ಹೋಗಿ ಮನೆಯವರನ್ನು ಒಳಗೆ ಕರೆದರು.

ಹುಡುಗಿಯ ಯೋಚನಾಶಕ್ತಿ ವಯಸ್ಸಿಗೆ ಮೀರಿದ್ದು. ಅಕ್ಷರಕ್ಕೂ ಸದ್ದಿಗೂ ನಂಟು ಬೆಸೆಯುವ ಕಡೆ ಮಾತ್ರ ಎಡವುತ್ತಾಳೆ. ಇದಕ್ಕೆ ಡಿಸ್ಲೆಕ್ಸಿಯಾ ಎನ್ನುತ್ತಾರೆ, ಸರಿಯಾದ ಕ್ರಮದಲ್ಲಿ ಕಲಿಸಿದರೆ ಓದು ಬರುತ್ತದೆ ಎಂದು ಡಾಕ್ಟರಮ್ಮ ಬಿಡಿಸಿ ಹೇಳಿದರು.

"ಅಂದ್ರೆ ದಡ್ಡಿ ಅಲ್ಲ?" ಅಜ್ಜಿ ಕುರ್ಚಿಯ ತುದಿಗೆ ಬಂದಿದ್ದರು.

"ಖಂಡಿತ ಅಲ್ಲ."

"ಇನ್ನೊಂದ್ಸಲ ಹೇಳಿ ಮೇಡಂ," ಎಂದರು ತಾಯಿ. "ಇವರ ಮಗ ಫೋನಲ್ಲಿದ್ದಾರೆ, ಅವರೂ ಕೇಳಿಸ್ಕೊಳ್ಳಲಿ."

ಡಾಕ್ಟರಮ್ಮ ಇನ್ನೊಂದು ಸಲ ಹೇಳಿದರು, ಈ ಸಲ ಸ್ವಲ್ಪ ಜೋರಾಗಿ.

ಸೋಮವಾರ ಮುಖ್ಯೋಪಾಧ್ಯಾಯಿನಿ ವರದಿ ಓದಿ, ಹುಡುಗಿಯನ್ನು ಅದೇ ಶಾಲೆಯಲ್ಲಿ ಉಳಿಸಿಕೊಳ್ಳಲು ಒಪ್ಪಿದರು. ಅವಳ ಓದಿನ ವಿಶೇಷ ಪಾಠ ಬರುವ ಬುಧವಾರ, ಮಧ್ಯಾಹ್ನದ ಬಿಡುವಾದ ಮೇಲೆ, ಗ್ರಂಥಾಲಯದ ಪಕ್ಕದ ಕೋಣೆಯಲ್ಲಿ ಶುರುವಾಗುತ್ತದೆ.