ಒಲೆಗುಂಡಿಯ ಮೇಲೆ ನಿಂತ ಕಾರು

ನನ್ನ ಕಾರಿಗೆ ಕ್ಲಚ್ ಇಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಮಿಕ್ಕ ರಾಮಾಯಣವೆಲ್ಲ ಹುಟ್ಟಿದ್ದು ಅದರಿಂದಲೇ. ಕೂಸಾಗಿದ್ದಾಗ ಪೋಲಿಯೊ ಬಂದು ನನ್ನ ಎಡಗಾಲು ಸೊರಗಿತು. ನಡೆಯುತ್ತೇನೆ, ಮೆಟ್ಟಿಲು ಹತ್ತುತ್ತೇನೆ, ತರಗತಿಯಲ್ಲಿ ನಿಂತುಕೊಂಡೇ ಲೆಕ್ಕ ಹೇಳಿಕೊಡುತ್ತೇನೆ. ಆದರೆ ಕ್ಲಚ್ ತುಳಿದು ಹಿಡಿಯುವ ಶಕ್ತಿ ಆ ಕಾಲಿಗಿಲ್ಲ. ಗೇರು ತಾನಾಗಿಯೇ ಬದಲಾಗುವ ಈ ಕಾರಿನಲ್ಲಿ ಅದಕ್ಕೆ ಕೆಲಸವೇ ಇಲ್ಲ. ಬಲಗಾಲು ದುಡಿಯುತ್ತದೆ, ಎಡಗಾಲು ಜಮೀನ್ದಾರನ ಹಾಗೆ ಸುಮ್ಮನೆ ಕೂತಿರುತ್ತದೆ.

ನಮ್ಮ ಮನೆ ಮಂಡ್ಯದ ಗುತ್ತಲಿನಲ್ಲಿ, ನಾನು ಪಾಠ ಮಾಡುವ ಪ್ರೌಢಶಾಲೆ ಮಳವಳ್ಳಿಯ ಹತ್ತಿರ. ಕಾರಿಗೆ ಮುಂಚೆ ವರ್ಷಗಟ್ಟಲೆ ಬಸ್ಸಿನಲ್ಲಿ ಓಡಾಡಿದವಳು ನಾನು. ಬಸ್ಸಿನ ನೂಕುನುಗ್ಗಲು ನನಗೆ ಕಷ್ಟವಾಗಲಿಲ್ಲ. ಕಷ್ಟವಾಗಿದ್ದು ಜನರ ಒಳ್ಳೆಯತನ. ಮೆಟ್ಟಿಲ ಮೇಲೆ ಕಾಲಿಡುವಷ್ಟರಲ್ಲಿ ಯಾರೋ ರಟ್ಟೆ ಹಿಡಿದು ಮೇಲಕ್ಕೆಳೆಯುತ್ತಿದ್ದರು, ಇನ್ಯಾರೋ 'ಪಾಪ, ಸೀಟು ಬಿಡ್ರಪ್ಪ' ಎಂದು ಇಡೀ ಬಸ್ಸಿಗೆ ಕೇಳುವಂತೆ ಕೂಗುತ್ತಿದ್ದರು. ಅವರ ಮೇಲೆ ಸಿಡುಕುವಂತಿಲ್ಲ, ಒಳ್ಳೆಯ ಜನ. ಸಿಡುಕದೆ ಇರುವುದೂ ನನ್ನ ಸ್ವಭಾವವಲ್ಲ. ಕಾರು ಬಂದ ಮೇಲೆ ಬೆಳಿಗ್ಗೆ ಬಾಗಿಲು ಹಾಕಿಕೊಂಡು ಹೊರಟರೆ ಶಾಲೆಯ ಗೇಟಿನವರೆಗೂ ನನ್ನನ್ನು ಯಾರೂ ಮುಟ್ಟುವುದಿಲ್ಲ. ಆ ಸುಖ ಏನೆಂದು ಎರಡು ಕಾಲೂ ನೆಟ್ಟಗಿರುವವರಿಗೆ ಹೇಳಿ ಅರ್ಥ ಮಾಡಿಸುವುದು ಕಷ್ಟ.

ಅಂಥ ಕಾರು ಈಚೆಗೆ ಸತಾಯಿಸತೊಡಗಿತು. ಅದಕ್ಕೂ ವಯಸ್ಸಾಗಿತ್ತು ಅನ್ನಿ. ಬೆಳಿಗ್ಗೆ ಹಿಂದಕ್ಕೆ ತೆಗೆಯುವಾಗ ಧಡ್ ಎಂದು ಒಂದು ಏಟು. ರಸ್ತೆಗೆ ಬಿದ್ದ ಮೇಲೆ ಎರಡರಿಂದ ಮೂರನೇ ಗೇರಿಗೆ ಹೋಗಲು ಮೀನಮೇಷ ಎಣಿಸುವುದು, ಆಮೇಲೆ ಒಮ್ಮೆಲೇ ಜಗ್ಗುವುದು. ಮಂಡ್ಯದ ಒಬ್ಬ ಮೆಕ್ಯಾನಿಕ್ಕಿಗೆ ತೋರಿಸಿದೆ. ಆತ ಬಾನೆಟ್ಟನ್ನೂ ತೆಗೆಯಲಿಲ್ಲ. ಗೇರ್‌ಬಾಕ್ಸಿನ ಆಯಿಲ್ ಹಳೆಯದಾಗಿರುತ್ತದೆ, ಆದರೆ ಇಷ್ಟು ಹಳೇ ಗಾಡಿಗೆ ಅದನ್ನು ಮುಟ್ಟಲೇಬಾರದು, ಹೊಸದು ಹಾಕಿದ ಮಾರನೇ ದಿನವೇ ಗೇರು ಹಿಡಿಯುವುದು ನಿಲ್ಲಿಸುತ್ತದೆ ಎಂದ. ಮದ್ದೂರಿನಲ್ಲಿ ಕೇಳಿದರೆ ಇನ್ನೊಬ್ಬಾತ, ಬದಲಾಯಿಸದೆ ಬಿಟ್ಟರೆ ಬಾಕ್ಸೇ ಹೋಗುತ್ತದೆ ಎಂದ. ಮುಟ್ಟಿದರೂ ಹೋಗುತ್ತದೆ, ಬಿಟ್ಟರೂ ಹೋಗುತ್ತದೆ. ನನ್ನ ಗಂಡ ಮಾರಿಬಿಡೋಣ ಎಂದರು. ಆಗಷ್ಟೇ ಮನೆ ಕಟ್ಟಿ ಮುಗಿಸಿದ್ದೆವು, ಹೊಸ ಕಾರಿನ ಮಾತು ಸದ್ಯಕ್ಕಿರಲಿಲ್ಲ. ಮಾರಿದರೆ ನನಗೆ ಮತ್ತೆ ಬಸ್ಸೇ ಗತಿ. ಆ ವಾರವೆಲ್ಲ ನಾನು ಮನೆಯಲ್ಲಿ ಯಾರೊಂದಿಗೂ ನೆಟ್ಟಗೆ ಮಾತಾಡಲಿಲ್ಲ.

ಕೊನೆಗೆ ಅಣ್ಣನಿಗೆ ಫೋನು ಮಾಡಿದೆ. ಅಣ್ಣನೆಂದರೆ ನನ್ನ ಒಡಹುಟ್ಟಿದವನು. ವೈದ್ಯನಾಥಪುರದ ಪಕ್ಕದ ನಮ್ಮೂರಿನಲ್ಲಿ ಗದ್ದೆ, ಕಬ್ಬು, ಒಂದು ಟ್ರ್ಯಾಕ್ಟರು ನೋಡಿಕೊಂಡು ನೆಮ್ಮದಿಯಾಗಿರುವ ಮನುಷ್ಯ. ಟ್ರ್ಯಾಕ್ಟರಿನ ಹೊಟ್ಟೆ ಬಗೆದು ಮತ್ತೆ ಹೊಲಿಯುವುದು ಅವನಿಗೆ ನೀರು ಕುಡಿದಷ್ಟು ಸಲೀಸು. ಎಲ್ಲವನ್ನೂ ಕೇಳಿಸಿಕೊಂಡು, ಭಾನುವಾರ ಗಾಡಿ ತಂದುಬಿಡು, ಮನೆಯಲ್ಲೇ ಮಾಡೋಣ ಎಂದ. ಆಮೇಲೆ ನನ್ನ ಗಂಡನಿಗೆ ಬೇರೆ ಫೋನು ಮಾಡಿ, ಭಾನುವಾರ ಎಣ್ಣೆ ಕೆಲಸವಿದೆ, ತಪ್ಪದೆ ಬರಬೇಕು ಎಂದನಂತೆ. ನಮ್ಮ ಕಡೆ ಭಾನುವಾರದ ಎಣ್ಣೆಗೆ ಇರುವುದು ಒಂದೇ ಅರ್ಥ. ಕಾಫಿಯನ್ನೂ ಸ್ಟ್ರಾಂಗು ಎಂದು ಬಿಡುವ ನನ್ನ ಗಂಡ ಕಂಗಾಲಾಗಿ, 'ನಿಮ್ಮಣ್ಣ ಯಾವಾಗಿನಿಂದ ಹೀಗೆ' ಎಂದು ನನ್ನನ್ನು ಕೇಳಿದರು. ಆ ವಾರದಲ್ಲಿ ನಾನು ನಕ್ಕಿದ್ದು ಅದೊಂದೇ ಸಲ.

ಅಣ್ಣ ಹಿಂದೆ ಆಲೆಮನೆ ನಡೆಸುತ್ತಿದ್ದ. ಈಗ ಕಬ್ಬನ್ನೆಲ್ಲ ಕಾರ್ಖಾನೆಗೆ ಹೊಡೆಯುತ್ತಾನೆ. ಗಾಣ, ಕೊಪ್ಪರಿಗೆ ಎಲ್ಲ ಹೋದರೂ ಚಪ್ಪರ ನಿಂತಿದೆ, ಅದರ ಕೆಳಗೆ ಒಲೆಗುಂಡಿಯೂ ಇದೆ. ಬೆಲ್ಲ ಕಾಯಿಸುವಾಗ ಒಬ್ಬ ಆ ಗುಂಡಿಯಲ್ಲಿ ಇಳಿದು ಕೂತು ಒಲೆಗೆ ಕಬ್ಬಿನ ಸಿಪ್ಪೆ ತುಂಬುತ್ತಿದ್ದ. ಉದ್ದಕ್ಕೆ, ಇಕ್ಕಟ್ಟಾಗಿ, ಎದೆಮಟ್ಟ ಇರುವ ಗುಂಡಿ. ಅದರ ಎರಡು ಕಡೆ ಚಕ್ರಗಳು ಬರುವ ಹಾಗೆ ಕಾರು ನಿಲ್ಲಿಸಿದರೆ ಅಡಿಯಲ್ಲಿ ನಿಂತು ಕೆಲಸ ಮಾಡಬಹುದು, ಜಾಕಿ ಹಾಕುವ ಗೊಡವೆಯಿಲ್ಲ, ಗಾಡಿಯೂ ಮಟ್ಟಸವಾಗಿ ನಿಲ್ಲುತ್ತದೆ ಎಂದು ಅಣ್ಣ ಲೆಕ್ಕ ಹಾಕಿದ್ದ. ಲೆಕ್ಕದ ಮೇಷ್ಟ್ರಾದ ನನಗೇ ಅದು ಹೊಳೆದಿರಲಿಲ್ಲ. ಗುಂಡಿಯ ಮೇಲೆ ಕಾರು ಹತ್ತಿಸಿದವಳು ನಾನೇ. ಮುಂದೆ ನಿಂತು ಕೈಸನ್ನೆ ಮಾಡುತ್ತಿದ್ದ ನನ್ನ ಗಂಡ ಬಾಯಲ್ಲಿ ಬಲಕ್ಕೆ ಎನ್ನುತ್ತಾ ಕೈಯಲ್ಲಿ ಎಡಕ್ಕೆ ತೋರಿಸುತ್ತಿದ್ದರು. ನಾನು ಅವರನ್ನು ನೋಡುವುದನ್ನೇ ಬಿಟ್ಟು ಗುಂಡಿಯ ಅಂಚು ನೋಡಿಕೊಂಡು ಹತ್ತಿಸಿದೆ.

ಅಣ್ಣ ಮೊದಲು ಮಾಡಿದ ಕೆಲಸ ಗೇರ್‌ಬಾಕ್ಸಿನ ಅಳತೆ ಕಡ್ಡಿ ಎಳೆದು, ತುದಿಯಲ್ಲಿದ್ದ ಎಣ್ಣೆಯನ್ನು ಬೆರಳಿಗೆ ಹಚ್ಚಿಕೊಂಡು ಮೂಸಿದ್ದು. ಈ ಎಣ್ಣೆ ಹೊಸದರಲ್ಲಿ ದಾಸವಾಳದ ಹಾಗೆ ಕೆಂಪಗಿರುತ್ತದೆ. ಅವನ ಬೆರಳಲ್ಲಿದ್ದದ್ದು ಕಾಕಂಬಿಯ ಕರಿ ಬಣ್ಣಕ್ಕೆ ತಿರುಗಿತ್ತು. ಎಣ್ಣೆ ಒಳಗೇ ಸೀದಿದ್ದರೆ ಗೇರಿನ ಪ್ಲೇಟುಗಳು ಸುಟ್ಟಿವೆ ಎಂದು ಅರ್ಥ, ಆಗ ಹೊಸದು ಹಾಕಿಯೂ ಉಪಯೋಗವಿಲ್ಲ ಎನ್ನುವಷ್ಟನ್ನು ನಾನು ಓದಿ ತಿಳಿದುಕೊಂಡಿದ್ದೆ. ಅಣ್ಣ ಮತ್ತೊಮ್ಮೆ ಮೂಸಿದ, ಬೆರಳ ನಡುವೆ ಉಜ್ಜಿದ, ಬೆಳಕಿಗೆ ಹಿಡಿದ. ಕೊಪ್ಪರಿಗೆಯ ಪಾಕ ಹದ ನೋಡುವಾಗ ಅವನು ಹೀಗೆಯೇ ನಿಲ್ಲುತ್ತಿದ್ದ, ಸುತ್ತಲಿನವರೆಲ್ಲ ಅವನ ಮುಖವನ್ನೇ ನೋಡುತ್ತಿದ್ದೆವು.

"ಸೀದಿಲ್ಲ ಕಣವ್ವ," ಎಂದ. "ಕಪ್ಪಾಗ್ಯದೆ ಅಷ್ಟೆ. ಕಪ್ಪಾಗೋದು ಬ್ಯಾರೆ, ಸೀಯೋದು ಬ್ಯಾರೆ."

ನಾನೂ ಮೂಸಿದೆ. ಸೀದ ಬೆಲ್ಲದ ಕಮಟು ನನಗೂ ಗೊತ್ತು, ಅದರಲ್ಲೇ ಬೆಳೆದವಳು. ಇದರಲ್ಲಿ ಆ ಕಮಟಿರಲಿಲ್ಲ. ಇಬ್ಬರು ಮೆಕ್ಯಾನಿಕ್ಕುಗಳು ಒಂದು ಸಲ ಕಡ್ಡಿ ಎಳೆದು ಮೂಸಿದ್ದರೆ ನನ್ನ ಒಂದು ವಾರದ ನಿದ್ದೆ ಉಳಿಯುತ್ತಿತ್ತಲ್ಲ ಎಂದು ರೇಗಿತು. ಕಡ್ಡಿ ವಾಪಸು ಹಾಕುತ್ತಾ ಅಣ್ಣ, ಎಣ್ಣೆ ಗೀಟಿಗಿಂತ ಜಾಸ್ತಿಯೇ ಇದೆ, ಯಾವನೋ ಸುರಿದಿದ್ದಾನೆ ಎಂದು ಗೊಣಗಿದ. ನಾನು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಅವನು ಗುಂಡಿಗೆ ಇಳಿದು ಅಡಿಯ ಬೋಲ್ಟು ಸಡಿಲಿಸಿದ. ಕಪ್ಪು ಎಣ್ಣೆ ಬೇಸಿನ್ನಿಗೂ ಬಿತ್ತು, ಅವನ ಮೊಣಕೈವರೆಗೂ ಇಳಿಯಿತು. ಹೀಗೆ ಬಿಚ್ಚಿದರೆ ಒಳಗಿರುವುದರಲ್ಲಿ ಅರ್ಧದಷ್ಟು ಮಾತ್ರ ಹೊರಗೆ ಬರುತ್ತದೆ. ಹಳೆಯ ಗಾಡಿಗೆ ಅದೇ ಒಳ್ಳೆಯದು, ಅರ್ಧ ಹಳೆಯದು ಅರ್ಧ ಹೊಸದು ಸೇರಿ ಹೊಂದಿಕೊಳ್ಳುತ್ತವೆ. ತೆಗೆದಷ್ಟನ್ನೇ ಹಾಕಬೇಕೆಂದು, ಬಂದದ್ದನ್ನೆಲ್ಲ ನಾನು ನೀರಿನ ಬಾಟಲಿಗಳಿಗೆ ತುಂಬಿ ಸಾಲಾಗಿ ನಿಲ್ಲಿಸಿದೆ. ಅಣ್ಣ ಬೋಲ್ಟು ಬಿಗಿದ ಮೇಲೆ ಕೊಂಡು ತಂದಿದ್ದ ಡಬ್ಬದಿಂದ ಅಷ್ಟೇ ಬಾಟಲಿ ಕೆಂಪು ಎಣ್ಣೆಯನ್ನು, ಕಡ್ಡಿ ಇಡುವ ತೂತಿಗೆ ಉದ್ದ ಮೂತಿಯ ಲಾಳಿಕೆ ಇಟ್ಟು ನಿಧಾನವಾಗಿ ಸುರಿದೆ. ನನ್ನ ಗಂಡ ಲಾಳಿಕೆ ಹಿಡಿದಿದ್ದರು. ಆ ಕೆಲಸವನ್ನು ಅವರು ತುಂಬ ಚೆನ್ನಾಗಿ ಮಾಡಿದರು ಎಂದು ಹೇಳಲೇಬೇಕು.

ಅಲ್ಲಿಗೆ ನಿಲ್ಲಿಸಿದ್ದರೆ ಸುಖವಾಗಿರುತ್ತಿದ್ದೆವು. ಅಣ್ಣ ಕಡ್ಡಿ ಎಳೆದು ನೋಡಿದ. ಎಣ್ಣೆ ಮೇಲಿನ ಗೀಟನ್ನೂ ದಾಟಿ ಬೆರಳುದ್ದ ಮೇಲಿತ್ತು. ನಾನು ಆವಾಗಲೇ ಹೇಳಲಿಲ್ಲವೇ ಎನ್ನುವ ಮುಖ ಮಾಡಿದ. ಟ್ರ್ಯಾಕ್ಟರು ಕಂಡವರೆಲ್ಲ ಬಲ್ಲ ನಿಯಮ ಒಂದಿದೆ: ಇಂಜಿನ್ ನಿಲ್ಲಿಸು, ಎಣ್ಣೆ ಕೆಳಗಿಳಿಯಲು ಬಿಡು, ಕಡ್ಡಿ ಒರೆಸು, ಹಾಕು, ತೆಗೆ, ನೋಡು. ನಮ್ಮೂರಿನಲ್ಲಿ ಮಕ್ಕಳಿಗೆ ಮಗ್ಗಿ ಬಾರದಿದ್ದರೂ ಇದು ಬರುತ್ತದೆ. ನನಗೂ ಇದರಲ್ಲಿ ಅನುಮಾನ ಬರಲಿಲ್ಲ. ತೆಗೆದಷ್ಟೇ ಹಾಕಿದ್ದೇವೆ ಎಂದು ನನ್ನ ಲೆಕ್ಕ ಹೇಳುತ್ತಿದ್ದರೂ, ಕಡ್ಡಿಯ ಮುಂದೆ ಲೆಕ್ಕ ಸೋತಿತು. ಅಣ್ಣ ಮತ್ತೆ ಗುಂಡಿಗಿಳಿದು, ಕಡ್ಡಿಯಲ್ಲಿ ಗೀಟಿಗೆ ಸರಿಯಾಗಿ ಬರುವವರೆಗೂ ಎಣ್ಣೆ ಇಳಿಸಿದ.

ನಾನು ಕಾರು ಹತ್ತಿ ಸ್ಟಾರ್ಟ್ ಮಾಡಿ, ಮುಂದಕ್ಕೆ ಹೋಗಲು ಗೇರಿನ ಹಿಡಿಯನ್ನು 'ಡಿ'ಗೆ ತಂದು ಬ್ರೇಕು ಬಿಟ್ಟೆ. ಕಾರು ಕದಲಲಿಲ್ಲ. ಆಕ್ಸಿಲರೇಟರ್ ಒತ್ತಿದೆ. ಇಂಜಿನ್ ಅರಚಿತು, ಎಲ್ಲೋ ಒಳಗಿನಿಂದ ಕುಂಯ್ ಎಂಬ ಸದ್ದು ಬಂತು, ಚಕ್ರ ಮಾತ್ರ ನಿಂತಲ್ಲೇ ನಿಂತಿತ್ತು. ಹಿಂದಕ್ಕೆ ಹಾಕಿದೆ. ಹಿಂದಕ್ಕೂ ಹೋಗಲಿಲ್ಲ. ಕೀಲಿ ತಿರುಗಿಸಿ ಆಫ್ ಮಾಡಿದೆ. ಮಂಡ್ಯದವನು ಮಾರನೇ ದಿನ ಎಂದಿದ್ದ, ನನ್ನದು ಅಷ್ಟು ಹೊತ್ತೂ ತಡೆದಿರಲಿಲ್ಲ. ಕಣ್ಣಮುಂದೆ ಬಂದದ್ದು ಬಸ್ಸಿನ ಮೆಟ್ಟಿಲು. ನನ್ನ ಗಂಡ ಮೆಲ್ಲಗೆ ಮೆಕ್ಯಾನಿಕ್ಕಿಗೆ ಫೋನು ಮಾಡಲೇ ಎಂದರು, ಬೇಡ ಎಂದು ಗದರಿದೆ. ಅಣ್ಣ ಗುಂಡಿಯ ಅಂಚಿನಲ್ಲಿ ಕೂತು ಬಟ್ಟೆಯಲ್ಲಿ ಕೈ ಒರೆಸುತ್ತಿದ್ದ. ಒರೆಸಿ ಆದ ಮೇಲೂ ಒರೆಸುತ್ತಲೇ ಇದ್ದ.

"ನಾನು ಆಳ್ಮಾಡ್ಬುಟ್ನೇನವ್ವ?" ಎಂದ.

ಕಾರು ಕೆಟ್ಟಿದ್ದಕ್ಕಿಂತ ಅವನ ಬಾಯಲ್ಲಿ ಆ ಮಾತು ಕೇಳಿ ನನಗೆ ಹೆಚ್ಚು ಸಂಕಟವಾಯಿತು. ಏನಾದರೂ ಮಾಡುತ್ತಿರಬೇಕು ಎನಿಸಿ ಇಳಿದು ಹೋಗಿ ಕಡ್ಡಿ ಎಳೆದೆ, ಸೆರಗಿನಿಂದಲೇ ಗಸಗಸ ಉಜ್ಜಿದೆ. ಇಷ್ಟು ವರ್ಷದ ಜಿಡ್ಡಿನ ಅಡಿಯಲ್ಲಿ, ಗೀಟುಗಳ ಪಕ್ಕ, ಇರುವೆ ಸಾಲಿನಂತೆ ಇಂಗ್ಲಿಷ್ ಅಕ್ಷರ ಕಂಡವು. ಕನ್ನಡಕ ಹಾಕಿಕೊಂಡು ಓದಿದೆ. ಇಂಜಿನ್ ಓಡುತ್ತಿರುವಾಗ, ಎಣ್ಣೆ ಬಿಸಿಯಾಗಿರುವಾಗ ನೋಡುವುದು ಎಂದಿತ್ತು.

ಓಡುತ್ತಿರುವಾಗ. ಟ್ರ್ಯಾಕ್ಟರಿನ ನಿಯಮಕ್ಕೆ ಸರೀ ಉಲ್ಟಾ. ಈ ಬಾಕ್ಸಿನಲ್ಲಿ ಇಂಜಿನ್ ತಿರುಗುವಾಗ ಎಣ್ಣೆಯೆಲ್ಲ ಮೇಲೇರಿ ಒಳಗಡೆ ಸುತ್ತುತ್ತಿರುತ್ತದೆ, ನಿಲ್ಲಿಸಿದರೆ ಕೆಳಗಿಳಿದು ಕಡ್ಡಿಗೆ ಹೆಚ್ಚಾಗಿ ಕಾಣುತ್ತದೆ. ಯಾವನೂ ಜಾಸ್ತಿ ಸುರಿದಿರಲಿಲ್ಲ. ನಾವೇ ಸರಿಯಾಗಿದ್ದದ್ದನ್ನು ಕಡಿಮೆ ಮಾಡಿದ್ದೆವು. ಪ್ರಶ್ನೆ ಓದದೆ ಲೆಕ್ಕ ಬಿಡಿಸುವ ಮಕ್ಕಳಿಗೆ ನಾನು ದಿನಾ ಬೈಯುತ್ತೇನೆ. ಆ ಮಕ್ಕಳು ಅಲ್ಲಿ ಇರಲಿಲ್ಲವಲ್ಲ, ಸದ್ಯ.

ಡಬ್ಬದಲ್ಲಿ ಹೊಸ ಎಣ್ಣೆ ಇನ್ನೂ ಉಳಿದಿತ್ತು. ಎರಡನೇ ಸಲ ಇಳಿಸಿದಷ್ಟನ್ನು ಅಳೆದು ಮತ್ತೆ ಸುರಿದೆ. ಇಂಜಿನ್ ಓಡಲು ಬಿಟ್ಟು, ಬ್ರೇಕು ತುಳಿದುಕೊಂಡೇ ಗೇರಿನ ಹಿಡಿಯನ್ನು ಎಲ್ಲ ಮನೆಗೂ ಒಂದೊಂದು ಸಲ ಕೊಂಡೊಯ್ದು ತಂದೆ. ಬಿಸಿಯಾದ ಮೇಲೆ, ಇಂಜಿನ್ ಓಡುತ್ತಿರುವಾಗಲೇ ಅಣ್ಣ ಕಡ್ಡಿ ಎಳೆದ. ಟ್ರ್ಯಾಕ್ಟರಿನವನಿಗೆ ಅದು ಮೈಲಿಗೆಯ ಕೆಲಸ, ಮುಖ ಕಿವುಚಿಕೊಂಡೇ ಎಳೆದ. ಕೆಂಪು ಎಣ್ಣೆ ಎರಡು ಗೀಟುಗಳ ನಡುವೆ ಬಂದು ಕೂತಿತ್ತು. ನಾನು 'ಡಿ'ಗೆ ಹಾಕಿ ಬ್ರೇಕು ಬಿಟ್ಟೆ. ಕಾರು ಬೆಣ್ಣೆಯ ಮೇಲೆ ಜಾರಿದಂತೆ ಗುಂಡಿ ದಾಟಿ ಅಂಗಳಕ್ಕೆ ಬಂತು. ನಾನು ಅಂಗಳದಲ್ಲೇ ಮೂರು ಸುತ್ತು ಹಾಕಿದೆ, ಕೋಳಿಗಳು ದಿಕ್ಕಾಪಾಲಾದವು. ಅಣ್ಣ ಬಚ್ಚಲಿಗೆ ಹೋಗಿ ಕೈಕಾಲು ತೊಳೆಯುತ್ತಾ ಬಹಳ ಹೊತ್ತು ಅಲ್ಲೇ ಇದ್ದ.

ಮುದ್ದೆ, ಉಪ್ಸಾರು ಉಂಡ ಮೇಲೆ, ಅಂಗಳದ ಸುತ್ತನ್ನು ನಂಬಬಾರದು, ಏರು ಹತ್ತಿಸಿ ನೋಡಬೇಕು ಎಂದು ಅಣ್ಣನೇ ಹೇಳಿದ. ಏರು ಎಂದರೆ ಮುತ್ತತ್ತಿಯ ಕಾಡುದಾರಿ, ಹೋಗುವಾಗ ಇಳಿಜಾರು, ಬರುವಾಗ ಏರು. ಮೂವರೂ ಹೊರಟೆವು. ಮಳವಳ್ಳಿ, ಹಲಗೂರು ದಾಟುವವರೆಗೂ ಗೇರು ಯಾವಾಗ ಬದಲಾಯಿತೆಂದೇ ಗೊತ್ತಾಗಲಿಲ್ಲ. ಕಾಡಿನ ಇಳಿಜಾರಿನಲ್ಲಿ ಪಕ್ಕದಲ್ಲಿದ್ದ ಅಣ್ಣ, ಪ್ರತಿ ತಿರುವಿಗೂ ಇಲ್ಲದ ಬ್ರೇಕನ್ನು ಬಲಗಾಲಿನಿಂದ ತುಳಿಯುತ್ತಿದ್ದ. ಮುತ್ತತ್ತಿಯಲ್ಲಿ ಆಂಜನೇಯನಿಗೆ ಕೈಮುಗಿದು, ಹೊಳೆಯ ಕಲ್ಲಿನ ಮೇಲೆ ಸ್ವಲ್ಪ ಹೊತ್ತು ಕೂತು, ಬಿಸಿಲು ಇಳಿಯುವ ಮುಂಚೆ ವಾಪಸು ಹೊರಟೆವು.

ಪರೀಕ್ಷೆ ಇದ್ದದ್ದು ಅಲ್ಲಿಂದ ಮುಂದೆ. ಮೊದಲ ಕಡಿದಾದ ಏರಿನಲ್ಲಿ ಕಾರು ಒಂದು ಕ್ಷಣ ಉಸಿರು ಹಿಡಿಯಿತು, ನನ್ನ ಉಸಿರೂ ನಿಂತಿತು. ಗೇರು ತಾನಾಗಿ ಒಂದು ಮೆಟ್ಟಿಲು ಇಳಿದು, ಏಟಿಲ್ಲದೆ, ಜಗ್ಗಿಲ್ಲದೆ, ಗಾಡಿಯನ್ನು ಮೇಲಕ್ಕೆ ತೆಗೆದುಕೊಂಡು ಹೋಯಿತು. 'ಅಣ್ಣಾ, ನೋಡಿದೆಯಾ' ಎಂದು ಹೇಳಲು ಪಕ್ಕಕ್ಕೆ ತಿರುಗಿದೆ. ಅಣ್ಣ ಕಿಟಕಿಗೆ ತಲೆಕೊಟ್ಟು, ಬಾಯಿ ತೆರೆದು, ಗಾಢವಾಗಿ ನಿದ್ದೆ ಹೋಗಿದ್ದ. ಬೇರೆಯವರು ಓಡಿಸುವ ಗಾಡಿಯಲ್ಲಿ ಅವನು ಕಣ್ಣು ಮುಚ್ಚಿದ್ದನ್ನು ನಾನು ಅದುವರೆಗೂ ಕಂಡವಳಲ್ಲ, ತನ್ನ ಮಗ ಓಡಿಸಿದರೂ ರಸ್ತೆಯಿಂದ ದೃಷ್ಟಿ ಕೀಳದ ಆಸಾಮಿ. ಎಬ್ಬಿಸಲಿಲ್ಲ. ಮುಂದಿನ ತಿರುವಿನಲ್ಲಿ ರಸ್ತೆ ಕಿತ್ತುಹೋಗಿತ್ತು, ಅವನಿಗೆ ಎಚ್ಚರವಾಗದ ಹಾಗೆ ನಿಧಾನವಾಗಿ ದಾಟಿಸಿದೆ.