ಒಬ್ಬೊಬ್ಬರನ್ನೂ ಕೇಳುತ್ತಿದ್ದ ಮೇಡಂ

ಮೇಡಂ ಅವರ ಎಡಗೈ ಮಣಿಕಟ್ಟಿನಲ್ಲಿ ವಾಚಿನ ಪಟ್ಟಿಯಷ್ಟು ಅಗಲ ಚರ್ಮ ಬೆಳ್ಳಗೆ ಉಳಿದಿತ್ತು. ಬಿಸಿಲಲ್ಲಿ ನಡೆಯುವಾಗ ಕೈಯಲ್ಲಿರುತ್ತಿದ್ದ ವಾಚು, ಯಾರದಾದರೂ ಮನೆಯ ಬಾಗಿಲು ಬಂದ ತಕ್ಷಣ ಬ್ಯಾಗಿಗೆ ಇಳಿಯುತ್ತಿತ್ತು. "ಗಡಿಯಾರ ನೋಡ್ಕೊಂಡು ಕೇಳಿದ್ರೆ ಯಾರು ಕಾಯಿಲೆ ಕಸಾಲೆ ಹೇಳ್ತಾರೆ ಮಾರಾಯ್ತಿ?" ಎನ್ನುತ್ತಿದ್ದರು.

ಎರಡು ಸಾವಿರದ ಇಸವಿ ದಾಟಿದ ಹೊಸತು. ಆರೋಗ್ಯ ಸಮೀಕ್ಷೆಗಾಗಿ ಮನೆಮನೆ ಸುತ್ತುವ ಕೆಲಸ ನನಗೆ ಸಿಕ್ಕಿತ್ತು. ಮೇಡಂ ನಮ್ಮ ಮೇಲ್ವಿಚಾರಕಿ. ಮನೆಯಲ್ಲಿರುವ ದೊಡ್ಡವರಲ್ಲಿ ಯಾರಿಗೆ ಆರೋಗ್ಯ ವಿಮೆ ಇದೆ, ಯಾರಿಗಿಲ್ಲ ಎಂದು ನಾವು ಬರೆದುಕೊಳ್ಳಬೇಕಿತ್ತು. ಹೊಸಮನೆ ಬಡಾವಣೆಯಿರಲಿ, ಭದ್ರಾವತಿಯಿರಲಿ, ಬಾಗಿಲು ತೆಗೆದ ಯಜಮಾನರು ಎಲ್ಲರ ಪರವಾಗಿ ತಾವೇ ಉತ್ತರ ಕೊಟ್ಟುಬಿಡುತ್ತಿದ್ದರು. ಹೆಂಡತಿಯ ಸೊಂಟನೋವನ್ನೂ ಅವರೇ ವರ್ಣಿಸುತ್ತಿದ್ದರು! ಮೇಡಂ ಮಾತ್ರ ಒಪ್ಪುತ್ತಿರಲಿಲ್ಲ. ಒಳಗಿದ್ದವರು ಕೈ ಒರೆಸಿಕೊಂಡು ಹೊರಗೆ ಬರುವವರೆಗೂ ಕಟ್ಟೆಯ ಮೇಲೆ ಕೂತೇ ಇರುತ್ತಿದ್ದರು. ನಮಗೋ ಹೊಟ್ಟೆ ಚುರುಗುಟ್ಟುತ್ತಿತ್ತು. ಅವರ ಬೆನ್ನ ಹಿಂದೆ ಗೊಣಗಿದ್ದೂ ಉಂಟು.

ಭದ್ರಾವತಿಯ ಕ್ವಾರ್ಟರ್ಸಿನ ಒಂದು ಮನೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. "ನಮ್ಮನೇಲಿ ಎಲ್ರಿಗೂ ಇದೆ ಮೇಡಂ, ಕಾರ್ಖಾನೆ ಆಸ್ಪತ್ರೆ ಕಾರ್ಡು" ಎಂದರು ಯಜಮಾನರು. ಗಂಡ ತೀರಿಕೊಂಡ ಮೇಲೆ ಅಣ್ಣನ ಮನೆಗೆ ಬಂದಿದ್ದ ಅವರ ತಂಗಿ ಒಳಗೆ ಅಕ್ಕಿ ಆರಿಸುತ್ತಿದ್ದರು. ಕತ್ತಿನಲ್ಲಿ ನಿಂಬೆಹಣ್ಣಿನಷ್ಟು ಗಡ್ಡೆ, ಅದರ ಮೇಲೆ ಸೆರಗು.

"ಆ ಕಾರ್ಡಲ್ಲಿ ನೀವೂ ಸೇರಿದೀರೇನಮ್ಮ?" ಎಂದು ಮೇಡಂ ಆಕೆಯನ್ನೇ ಕೇಳಿದರು.

"ಅಣ್ಣಂದು ಅಂದ್ರೆ ನಂದೂ ಅಲ್ವಾ? ಮಳೆಗಾಲ ಮುಗೀಲಿ, ಆಪರೇಷನ್ ಮಾಡ್ಸೋಣ ಅಂದಿದಾನೆ."

ಅಣ್ಣನ ಮುಖ ಇಳಿಯಿತು. "ಕಾರ್ಡು ಹೆಂಡ್ತಿ ಮಕ್ಕಳಿಗೆ ಮಾತ್ರ. ಆದ್ರೇನು, ನಾನಿಲ್ವಾ?" ಎಂದು ದನಿ ಏರಿಸಿದರು.

ಆಕೆಗೆ ವಿಮೆ ಇಲ್ಲವೆಂದು ಬರೆದುಕೊಂಡು ಮೇಡಂ ಎದ್ದರು. ಸಲಹೆ ಕೊಡುವುದು ನಮ್ಮ ಕೆಲಸವಲ್ಲ ಎಂದು ನಮಗೆ ಕಲಿಸಿದವರೇ ಅವರು. ಗೇಟಿನವರೆಗೆ ಹೋದವರು ತಿರುಗಿ ಬಂದರು.

"ಸರ್ವೆ ಮುಗೀತು ಅಣ್ಣ. ಈಗ ನಿಮ್ಮಕ್ಕ ಬಂದಿದಾಳೆ ಅಂದ್ಕೊಳ್ಳಿ. ಸಹಕಾರ ಸಂಘದ ಸದಸ್ಯರಿಗೆ ಅಂತ ಒಂದು ವಿಮೆ ಬಂದಿದೆ. ಇವರನ್ನ ಸದಸ್ಯೆ ಮಾಡ್ಸಿ, ಇವರ ಹೆಸರಲ್ಲೇ ಮಾಡ್ಸಿ."

"ನನ್ನ ತಂಗೀನ ನಾನೇನು ಬೀದೀಲಿ ಬಿಟ್ಟಿದೀನಾ?"

"ಇಲ್ಲ. ಒಬ್ರೇ ಹೊತ್ಕೊಂಡಿದೀರಿ. ಇನ್ನೊಂದು ಕೈ ಸೇರ್ಲಿ ಅಂತ ಹೇಳ್ದೆ, ಅಷ್ಟೇ."

ಮಾತು ಬಲ್ಲವರಿಗೆ ಜಗಳವಿಲ್ಲ. ಯಜಮಾನರು ಒಳಗೆ ತಿರುಗಿ ಕಾಫಿಗೆ ಹೇಳಿದರು. ಮರುವರ್ಷ ಬಸ್ ಸ್ಟ್ಯಾಂಡಿನಲ್ಲಿ ನನಗೆ ಸಿಕ್ಕಾಗ, ತಂಗಿಗೆ ಆ ವಿಮೆಯಲ್ಲೇ ಆಪರೇಷನ್ ಆಯಿತೆಂದು ಅವರೇ ಕರೆದು ಹೇಳಿದರು. ಮೇಡಂಗೆ ಕೊಡಿ ಎಂದು ಒಂದು ಪೊಟ್ಟಣ ಮಂಡಕ್ಕಿಯನ್ನೂ ಕೈಗಿಟ್ಟರು. ದಾರಿಯಲ್ಲಿ ಅರ್ಧ ನಾನೇ ತಿಂದೆ.

ಕೆಲವು ವರ್ಷಗಳ ನಂತರ ಮೇಡಂಗೆ ಕ್ಯಾನ್ಸರ್ ಬಂತು. ಕೊನೆಯ ದಿನಗಳನ್ನು ಸವಳಂಗ ರಸ್ತೆಯ ತಮ್ಮ ಮನೆಯಲ್ಲೇ ಕಳೆದರು. ಮಗ ತಾಯಿಯನ್ನು ಅಂಗೈಯಲ್ಲಿಟ್ಟು ನೋಡಿಕೊಳ್ಳುತ್ತಿದ್ದ. ನಾನು ಹೋಗಿದ್ದ ಸಂಜೆ ಡಾಕ್ಟರು ಬಂದರು. "ಚೆನ್ನಾಗಿ ನಿದ್ದೆ ಮಾಡ್ತಿದಾರೆ ಡಾಕ್ಟ್ರೇ, ನೋವು ಕಮ್ಮಿಯಾಗಿದೆ" ಎಂದು ಮಗನೇ ಹೇಳಿದ. ಹಾಗೆ ಆಗಲಿ ಎಂಬ ಆಸೆ, ಪಾಪ. ಮೇಡಂ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ನನಗೆ ತಡೆಯಲಾಗಲಿಲ್ಲ. ಹಾಸಿಗೆಯ ಅಂಚಿನಲ್ಲಿ ಕೂತು ಕೇಳಿದೆ: "ಮೇಡಂ, ನೀವು ಹೇಳಿ. ನೋವಿದೆಯಾ?"

ಅವರು ಮಗನನ್ನು ನೋಡಿದರು, ಆಮೇಲೆ ನನ್ನನ್ನು.

"ಇದೆ ಮಾರಾಯ್ತಿ. ತಡ್ಕೊಳಕ್ಕೆ ಆಗ್ತಿಲ್ಲ."

ಮಗ ಅತ್ತುಬಿಟ್ಟ. ಡಾಕ್ಟರು ಔಷಧಿ ಬದಲಿಸಿದರು. ಆಮೇಲೆ ಮೇಡಂ ಹೆಚ್ಚು ದಿನ ಇರಲಿಲ್ಲ. ಇದ್ದಷ್ಟು ದಿನ ನಿದ್ದೆ ಮಾಡಿದರು.