ಕಾಗದ ಸುತ್ತಿದ ಕೇಬಲ್

ಬೆಳಗಾವಿಯ ವಿದ್ಯುತ್ ಗುತ್ತಿಗೆದಾರರೊಬ್ಬರ ಹತ್ತಿರ ನಾನು ಕೆಲಸಕ್ಕೆ ಸೇರಿದ್ದು ಎಂಬತ್ತರ ದಶಕದ ಶುರುವಿನಲ್ಲಿ. ಡಿಪ್ಲೊಮಾ ಮುಗಿದು ಆರು ತಿಂಗಳಾಗಿತ್ತು. ಹಾಗಾಗಿ ನನಗೆ ಗೊತ್ತಿಲ್ಲದ್ದು ಏನೂ ಇರಲಿಲ್ಲ.

ಮೊದಲ ದೊಡ್ಡ ಕೆಲಸ ಖಾನಾಪುರದ ಒಂದು ಹಂಚಿನ ಕಾರ್ಖಾನೆಯದು. ಹನ್ನೊಂದು ಸಾವಿರ ವೋಲ್ಟಿನ ವಿದ್ಯುತ್ತನ್ನು ರಸ್ತೆಯ ಕಂಬದಿಂದ ಒಳಗಿನ ಟ್ರಾನ್ಸ್‌ಫಾರ್ಮರಿಗೆ ನೆಲದಡಿಯ ಕೇಬಲ್ಲಿನಲ್ಲಿ ಒಯ್ಯಬೇಕಿತ್ತು. ತಂತಿಗೆ ಎಂಥ ಹೊದಿಕೆ ಇರಬೇಕೆಂದು ಆರಿಸುವುದು ನನ್ನ ಪಾಲಿಗೆ ಬಂತು. ಹೊಸ ಬಗೆಯ ಪ್ಲಾಸ್ಟಿಕ್ ಹೊದಿಕೆ ಆಗಷ್ಟೇ ಬರತೊಡಗಿತ್ತು. ನನ್ನ ಪುಸ್ತಕದಲ್ಲಿ ಅದು ಇರಲಿಲ್ಲ. ಎಣ್ಣೆಯಲ್ಲಿ ನೆನೆಸಿದ ಕಾಗದ ಸುತ್ತಿ, ಮೇಲೆ ಸೀಸದ ಕವಚ ಹಾಕಿದ ಹಳೆಯ ಕೇಬಲ್ಲನ್ನೇ ತರಿಸಿದೆ.

ಕಾರ್ಖಾನೆಯ ಒಡತಿಗೆ ಎಪ್ಪತ್ತರ ಹತ್ತಿರ ವಯಸ್ಸು. ಎಲ್ಲರೂ ಆಯಿ ಎನ್ನುತ್ತಿದ್ದರು. ಕೇಬಲ್ ಬಂದ ದಿನ ಅದರ ತುದಿಯ ಸೀಸದ ಮುಚ್ಚಳ ಕೊಯ್ದು, ಒಳಗಿನ ಪದರಗಳನ್ನು ಅವರಿಗೆ ಹೆಮ್ಮೆಯಿಂದ ತೋರಿಸಿದೆ.

“ಕಾಗದನ?” ಎಂದರು ಆಯಿ. “ನಮ್ಮಲ್ಲಿ ಮಳಿಗಾಲದಾಗ ಡಬ್ಬಿಯೊಳಗಿನ ಹಪ್ಪಳ ಸುದ್ದಾ ಮೆತ್ತಗಾಗ್ತಾವ್ರಿ, ಸಾಹೇಬ್ರ.”

“ಸೀಸದ ಕವಚ ಐತ್ರೀ ಆಯಿ. ಒಂದ ಹನಿನೂ ಒಳಗ ಹೋಗೂದಿಲ್ಲ.”

ಆ ಕವಚವನ್ನು ಈಗಷ್ಟೇ ನಾನೇ ತೆರೆದಿದ್ದೇನೆಂಬುದು ಹೊಳೆಯಲಿಲ್ಲ. ತುದಿಗೆ ಗೋಣಿಚೀಲ ಸುತ್ತಿ ಬೆಳಗಾವಿಯ ಬಸ್ಸು ಹಿಡಿದೆ. ನಾಲ್ಕು ದಿನ ಮಳೆ ಜಡಿಯಿತು.

ಐದನೆಯ ದಿನ ಮಳೆ ಬಿಟ್ಟ ಮೇಲೆ ನಮ್ಮ ಮಿಸ್ತ್ರಿ ನನ್ನ ಜೊತೆ ಬಂದರು. ಮೂವತ್ತು ವರ್ಷ ಕೇಬಲ್ ಜೋಡಿಸಿದ ಕೈ. ಗೋಣಿಚೀಲ ಬಿಚ್ಚಿ, ತುದಿಯಿಂದ ಕಾಗದದ ಚೂರೊಂದನ್ನು ಕಿತ್ತುಕೊಂಡರು. ನೇರ ಪಕ್ಕದ ಆಯಿಯ ಮನೆಯ ಅಡುಗೆಮನೆಗೆ ಹೋಗಿ, “ಆಯಿ, ಹಳೇ ಕಡಾಯ್ಯಾಗ ಒಂದಿಷ್ಟ ಎಣ್ಣಿ ಕಾಸ್ರಿ” ಎಂದರು.

ಕಾಗದದ ಚೂರನ್ನು ಇಕ್ಕಳದಲ್ಲಿ ಹಿಡಿದು ಕಾದ ಎಣ್ಣೆಗೆ ಇಳಿಸಿದರು. ಚಟಪಟ ಸಿಡಿದು ನೊರೆ ಎದ್ದಿತು.

“ನೀರ ಕುಡದೈತ್ರಿ. ಹಂಗ ಕರೆಂಟ್ ಬಿಟ್ಟಿದ್ರ ಕೇಬಲ್ಲ ಹಿಂಗ ಸಿಡೀತಿತ್ತು,” ಎಂದರು.

ಕೇಬಲ್ಲಿನ ಹತ್ತಿರ ಮರಳಿದೆವು. ಮಿಸ್ತ್ರಿ ಒಂದು ಮೊಳ ಕತ್ತರಿಸಿದರು. ಹೊಸ ಚೂರು, ಮತ್ತೆ ಚಟಪಟ. ಇನ್ನೊಂದು ಮೊಳ. ಒಣ ಡಬ್ಬಿಯಲ್ಲಿ ಚೂರು ಹಾಕಿಕೊಂಡು ಕೇಬಲ್ಲಿಗೂ ಒಲೆಗೂ ನಾನು ಓಡಾಡಿದೆ.

“ಇನ್ನೂ ಎಷ್ಟ ಕರಿಯೂದೈತ್ರಿ, ಸಾಹೇಬ್ರ?” ಆಯಿ ಕೇಳಿದರು. “ಉಪ್ಪು ಖಾರ ಬೇಕೇನು?”

ಐದನೆಯ ಚೂರು ಸದ್ದಿಲ್ಲದೆ ಮುಳುಗಿತು. ಮಿಸ್ತ್ರಿ ಕೂಡಲೇ ಸೀಸ ಕರಗಿಸಿ ತುದಿ ಮುಚ್ಚಿದರು. ಉಳಿದ ಕೇಬಲ್ ಸಾಲುವುದೋ ಇಲ್ಲವೋ ಎಂದು, ಅದನ್ನು ಹಾಸಲು ಅಗೆದ ಕಾಲುವೆಯನ್ನು ನಾನು ಹೆಜ್ಜೆ ಹಾಕಿ ಅಳೆದೆ. ಹಾಸಿ ನೋಡಿದರೆ ಒಂದು ಗೇಣು ಮಿಕ್ಕಿತು.

ನಮ್ಮ ಮುಂದಿನ ಕೆಲಸ ಸಾಂಬ್ರಾ ಊರಿನಲ್ಲಿತ್ತು. ವಾಪಸ್ ಬರುವಾಗ ಬಸ್ಸಿನಲ್ಲಿ ಮಿಸ್ತ್ರಿಯನ್ನು ಕೇಳಿದೆ: “ಸಾಂಬ್ರಾದ ಕೆಲಸಕ್ಕ ಯಾವುದು ತರಸೂಣ್ರಿ?”

“ಕಾಗದೇನ ಕೆಟ್ಟದ್ದಲ್ರಿ,” ಎಂದರು ಮಿಸ್ತ್ರಿ. “ಖರೇ ಅದಕ್ಕ ಬಾಳ ಜ್ವಾಕಿ ಬೇಕು. ನಿಮ್ಮ ಕೈಗೆ ಪ್ಲಾಸ್ಟಿಕ್ಕ ಬರೋಬರಿ.”

ಅದನ್ನೇ ತರಿಸಿದೆವು. ಅದರ ಜೋಡಣೆ ಇಬ್ಬರಿಗೂ ಹೊಸದು. ಮೊದಲ ಜೋಡಣೆ ಕೆಡಿಸಿದವರು ಮಿಸ್ತ್ರಿ. ಅವರ ಮುಂದೆ ನಾನು ನಗಲಿಲ್ಲ.